ಬ್ಲೌಸ್ ತುಂಡುಗಳಿಂದ ಕೌದಿ: ನಡು ಉಬ್ಬದ ಹಾಗೆ, ಬಣ್ಣ ಬಿಡದ ಹಾಗೆ ಹೊಲಿಯೋದು ಹೇಗೆ?

ಬಟ್ಟೆಗಂಟು, ದಾವಣಗೆರೆ

ಬ್ಲೌಸ್ ಹೊಲಿಯೋ ಅಂಗಡಿಯಲ್ಲಿ ಉಳಿದ ತುಂಡು ಬಟ್ಟೆ ಎರಡು ಚೀಲ ಇದೆ, ತೂಗಿದರೆ 6 ಕೆಜಿ ಹತ್ತಿರ. ಅರ್ಧಕ್ಕಿಂತ ಹೆಚ್ಚು ರುಬಿಯಾ, ಪಾಪ್ಲಿನ್, ಲೈನಿಂಗ್ ಬಟ್ಟೆ. ಉಳಿದದ್ದು ಕ್ರೇಪ್, ಸ್ಯಾಟಿನ್, ಒಂದಷ್ಟು ರೇಷ್ಮೆ ಚೂರು, ಜರಿ ಅಂಚು. ಒಬ್ಬರು ಆರಾಮಾಗಿ ಹೊದ್ದು ಮಲಗುವ ಅಳತೆಯ ಕೌದಿ ಬೇಕು.

ಮೊದಲು 3 ಅಡಿ × 4 ಅಡಿಯ ಚಿಕ್ಕದೊಂದನ್ನು ಹೊಲಿದು ನೋಡಿದ್ದೇನೆ. ತುಂಡುಗಳನ್ನು ಮಷಿನ್‌ನಲ್ಲಿ ಜೋಡಿಸಿ, ಕೆಳಗೆ ಹಳೆ ಸೀರೆ ಎರಡು ಪದರ ಇಟ್ಟು, ಅಂಚಿನಿಂದ ಒಳಕ್ಕೆ ಸುತ್ತು ಹಾಕುತ್ತಾ ಕೈಯಲ್ಲಿ ಹೊಲಿದೆ. ನಡುವಿಗೆ ಬರುವ ಹೊತ್ತಿಗೆ ಬಟ್ಟೆ ಗುಳ್ಳೆಯ ಹಾಗೆ ಎದ್ದು ನಿಂತಿತು. ಒಂದು ಸಲ ತೊಳೆದ ಮೇಲೆ ಕೆಂಪು ತುಂಡಿನ ಬಣ್ಣ ಪಕ್ಕದ ಬಿಳಿಗೆ ಹತ್ತಿತು, ಕೆಲವು ತುಂಡು ಸುತ್ತ ಸುಕ್ಕಾದವು, ಎರಡು ಕಡೆ ಹೊಲಿಗೆ ಸಾಲಿನ ಉದ್ದಕ್ಕೇ ಬಟ್ಟೆ ಹರಿಯಿತು.

ಕೇಳಬೇಕಾದ್ದು ಇಷ್ಟು: ಯಾವ ಬಟ್ಟೆ ಇಟ್ಟುಕೊಳ್ಳಬೇಕು, ಯಾವುದು ಬಿಡಬೇಕು? ಎಷ್ಟು ಪದರ? ದಾರ, ಸೂಜಿ ಯಾವುದು, ಎಷ್ಟು ಬೇಕು? ನಡು ಉಬ್ಬದ ಹಾಗೆ ಹೊಲಿಯೋದು ಹೇಗೆ? ಒಳಗೆ ಹತ್ತಿ ತುಂಬಿಸಿದರೆ ಒಳ್ಳೆಯದಾ?

ಕೌದಿಮನೆ

ನಡು ಉಬ್ಬಿದ್ದರ ಕಾರಣ ನಿಮ್ಮ ಬರಹದಲ್ಲೇ ಇದೆ. ಮೊದಲು ಎಲ್ಲ ತುಂಡು ಜೋಡಿಸಿದಿರಿ, ಆಮೇಲೆ ಅಂಚಿನಿಂದ ಒಳಕ್ಕೆ ಹೊಲಿದಿರಿ. ಇವು ಎರಡು ಬೇರೆ ಬೇರೆ ಪದ್ಧತಿ. ಒಂದರ ಅರ್ಧ, ಇನ್ನೊಂದರ ಅರ್ಧ ಸೇರಿಸಿದರೆ ಉಬ್ಬು ಬಂದೇ ಬರುತ್ತೆ.

ನಮ್ಮ ಕಡೆ ಹಿಂದಿನಿಂದ ಬಂದ ಕೌದಿಯಲ್ಲಿ ಮೇಲಿನ ಬಟ್ಟೆಯನ್ನು ಮೊದಲೇ ಜೋಡಿಸುವುದಿಲ್ಲ. ಕೆಳಗೆ ಸೀರೆ ಹಾಸಿ, ಒಂದು ಮೂಲೆಯಿಂದ ಶುರು ಮಾಡಿ, ತುಂಡು ಇಡುತ್ತಾ ಹೊಲಿಯುತ್ತಾ ಸುತ್ತು ಬರುವುದು. ಹೊಲಿಗೆ ಹಾಕುವಾಗ ಮೇಲಿನ ಬಟ್ಟೆ ಸೂಜಿಯ ಮುಂದೆ ಕೂದಲೆಳೆಯಷ್ಟು ಸರಿಯುತ್ತೆ. ಅದನ್ನು ಯಾರೂ ತಪ್ಪಿಸಲಾರರು. ಆದರೆ ಇಲ್ಲಿ ಮುಂದಿನ ತುಂಡನ್ನು ಇನ್ನೂ ಇಟ್ಟಿರುವುದೇ ಇಲ್ಲವಲ್ಲ, ಇಡುವಾಗ ಉಳಿದ ಜಾಗಕ್ಕೆ ತಕ್ಕಂತೆ ಮಡಚಿ ಇಡುತ್ತೀರಿ. ಸರಿದು ಬಂದ ಹೆಚ್ಚುವರಿ ಬಟ್ಟೆ ಆ ಮಡಿಕೆಯೊಳಗೆ ಹೋಗುತ್ತೆ. ಹಾಗಾಗಿ ಅಂಚಿನಿಂದ ನಡುವಿಗೆ ಬರುವುದು ಅಲ್ಲಿ ಸರಿ.

ಮೊದಲೇ ಜೋಡಿಸಿದ ಹಾಳೆಗೆ ಅಳತೆ ಖಾಯಂ ಆಗಿಬಿಟ್ಟಿರುತ್ತೆ. ಸುತ್ತಲೂ ಅಂಚನ್ನು ಬಿಗಿದ ಮೇಲೆ ಸರಿದ ಬಟ್ಟೆಗೆ ಹೊರಗೆ ಹೋಗಲು ದಾರಿ ಇಲ್ಲ, ಎಲ್ಲ ಬಂದು ನಡುವೆ ಕೂಡುತ್ತೆ. ಅದನ್ನು ನಡುವಿನಿಂದ ಹೊರಕ್ಕೆ ಹೊಲಿಯಬೇಕು. ಹೆಚ್ಚುವರಿ ಅಂಚಿಗೆ ಬರುತ್ತೆ, ಕೊನೆಗೆ ಕತ್ತರಿಸಿ ಹಾಕಬಹುದು. ಆದ್ದರಿಂದ ಕತ್ತರಿ ಹಿಡಿಯುವ ಮೊದಲೇ ಯಾವ ಪದ್ಧತಿ ಅಂತ ತೀರ್ಮಾನ ಮಾಡಿಕೊಳ್ಳಿ.

ನಿಮ್ಮ ಚೀಲದಲ್ಲಿ ಇರುವುದು ಬ್ಲೌಸಿನ ಚೂರು, ಅಂದರೆ ಕಂಕುಳು, ಕತ್ತು, ತೋಳಿನ ಪಕ್ಕದಲ್ಲಿ ಉಳಿದ ಡೊಂಕು ತುಂಡುಗಳೇ ಹೆಚ್ಚು. ಅವುಗಳಿಗೆ ಹಳೇ ಪದ್ಧತಿಯೇ ಹೊಂದುತ್ತೆ. ಚೌಕ ಕತ್ತರಿಸುವ ಹಟ ಇಲ್ಲದ್ದರಿಂದ ಬಟ್ಟೆ ಹಾಳಾಗುವುದೂ ಕಡಿಮೆ.

ಅಳತೆ: ಹೊಲಿದು ಮುಗಿದಾಗ 54 ಇಂಚು ಅಗಲ, 78 ಇಂಚು ಉದ್ದ ಇದ್ದರೆ ಒಬ್ಬರಿಗೆ ಸಾಕು. ಕೆಳಗಿನ ಬಟ್ಟೆಯನ್ನು ನಾಲ್ಕೂ ಕಡೆ 2 ಇಂಚು ಒಳಮಡಿಕೆಗೆ ಬಿಟ್ಟು 58 × 82 ಕತ್ತರಿಸಿ. ಸೀರೆ ಸಾಮಾನ್ಯವಾಗಿ 5.5 ಮೀಟರ್ ಉದ್ದ, 45–46 ಇಂಚು ಅಗಲ. 82 ಇಂಚಿನ ಒಂದು ತುಂಡು ತೆಗೆದು, ಉಳಿದದ್ದರಲ್ಲಿ ಅಷ್ಟೇ ಉದ್ದದ 14 ಇಂಚು ಅಗಲದ ಪಟ್ಟಿ ತೆಗೆದು ಪಕ್ಕಕ್ಕೆ ಜೋಡಿಸಿದರೆ ಆಯಿತು. ಒಂದು ಸೀರೆಯಲ್ಲಿ ಕೆಳಪದರ ಮುಗಿದು ಸ್ವಲ್ಪ ಬಟ್ಟೆಯೂ ಉಳಿಯುತ್ತೆ. ಜೋಡಣೆ ನಟ್ಟ ನಡುವೆ ಬರಬಾರದು, ಬೆನ್ನಿಗೆ ಒತ್ತುತ್ತೆ. ಪಕ್ಕಕ್ಕೆ ಬರಲಿ.

ಪದರ: ಕೆಳಗೊಂದು, ನಡುವೆ ಹಳೇ ಪಂಚೆ ಅಥವಾ ಕಾಟನ್ ಸೀರೆಯ ಎರಡು, ಮೇಲೆ ತುಂಡುಗಳು. ಒಟ್ಟು ನಾಲ್ಕು. ಹೊಲಿದ ಮೇಲೆ ಸುಮಾರು ಒಂದೂಕಾಲು ಕೆಜಿ ತೂಗುತ್ತೆ. ದಾವಣಗೆರೆಯಲ್ಲಿ ವರ್ಷದ ಹೆಚ್ಚು ದಿನಕ್ಕೆ ಇದು ಸಾಕು. ಐದನೇ ಪದರ ಹಾಕಿದರೆ ಕೈಸೂಜಿ ಒಂದೊಂದೇ ಹೊಲಿಗೆ ಎತ್ತುವ ಹಾಗಾಗುತ್ತೆ, ಕೆಲಸ ದುಪ್ಪಟ್ಟು.

ಮೇಲಿನ ತುಂಡಿಗೆ ಬೇಕಾಗುವ ಬಟ್ಟೆ ನೀವು ಅಂದುಕೊಂಡದ್ದಕ್ಕಿಂತ ತುಂಬ ಕಡಿಮೆ. ಮಡಿಕೆ ಸೇರಿಸಿಯೂ ಅರ್ಧ ಕೆಜಿ ಒಳಗೆ. ಡೊಂಕು ಚೂರು ತೆಗೆದು ಹಾಕೋದು ಲೆಕ್ಕ ಹಿಡಿದರೂ ಒಂದು ಕೆಜಿ ಕಾಟನ್ ಆರಿಸಿಕೊಂಡರೆ ಧಾರಾಳ. 6 ಕೆಜಿ ಇದೆ ಅಂತ ಸಿಕ್ಕಿದ್ದನ್ನೆಲ್ಲ ಸೇರಿಸುವ ಅಗತ್ಯವೇ ಇಲ್ಲ. ಒಳ್ಳೆಯದನ್ನಷ್ಟೇ ಆರಿಸಿಕೊಳ್ಳಿ.

ತುಂಡು ಇಡುವ ಬಗೆ: ಸೀರೆ, ನಡುವಿನ ಎರಡು ಪದರ ನೆಲದ ಮೇಲೆ ಹಾಸಿ ಅಂಗೈಯಿಂದ ಸವರಿ. ಎಳೆದು ಬಿಗಿ ಮಾಡಬೇಡಿ, ಎಳೆದ ಬಟ್ಟೆ ಆಮೇಲೆ ಕುಗ್ಗಿ ಮೇಲಿನದನ್ನು ಸುಕ್ಕು ಮಾಡುತ್ತೆ. ನಾಲ್ಕೈದು ಇಂಚಿಗೊಂದು ಸಾಲಿನಂತೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ನೀವು ಬಹುಶಃ ಬಿಟ್ಟ ಕೆಲಸ ಇದೇ. ನಾಲ್ಕೂ ಕಡೆ ಸೀರೆಯ 2 ಇಂಚು ಒಳಕ್ಕೆ ಮಡಚಿ. ಮೊದಲ ತುಂಡನ್ನು ಮೂಲೆಗೆ ಇಡಿ. ಅದರ ಹೊರಗಿನ ಎರಡು ಬದಿಯನ್ನು ಅರ್ಧ ಇಂಚು ಒಳಕ್ಕೆ ಮಡಚಿ ಉಗುರಿನಿಂದ ಗೀರಿ. ಗೀರಿದ ಗೆರೆ ಕಾಟನ್‌ನಲ್ಲಿ ನಿಲ್ಲುತ್ತೆ, ಪಾಲಿಯೆಸ್ಟರ್‌ನಲ್ಲಿ ನಿಲ್ಲಲ್ಲ. ಎರಡನೇ ತುಂಡು ಮೊದಲನೆಯದರ ಹಸಿ ಅಂಚಿನ (ಮಡಚದೆ ಬಿಟ್ಟ, ಕತ್ತರಿಸಿದ ಅಂಚು) ಮೇಲೆ ಅರ್ಧದಿಂದ ಮುಕ್ಕಾಲು ಇಂಚು ಏರಿ ಕೂರಬೇಕು, ಏರಿದ ಬದಿ ಮಡಚಿರಬೇಕು. ಹೀಗೆ ಯಾವ ಹಸಿ ಅಂಚೂ ಹೊರಗೆ ಕಾಣಬಾರದು.

ಬಲಗೈ ಸೂಜಿ ಮೇಲೆ, ಎಡಗೈ ಕೌದಿಯ ಅಡಿಯಲ್ಲಿ. ಸೂಜಿಯ ಮೊನೆ ಕೆಳಗಿನ ಬೆರಳಿಗೆ ತಾಗಿತು ಅಂದರೆ ನಾಲ್ಕೂ ಪದರ ದಾಟಿದೆ ಅಂತ ಅರ್ಥ, ಅಲ್ಲಿಂದ ಮೇಲಕ್ಕೆ ತಿರುಗಿಸಿ. ಒಂದು ಸಲಕ್ಕೆ ಮೂರು ಹೊಲಿಗೆ ಸೂಜಿಗೆ ಏರಿಸಿಕೊಂಡು ಆಮೇಲೆ ದಾರ ಎಳೆಯಿರಿ. ಬಟ್ಟೆಯಲ್ಲಿ ಹೊಲಿಗೆ ಕೂತಲ್ಲಿ ಸಣ್ಣ ಗುಳಿ ಬಿದ್ದ ಕೂಡಲೇ ಕೈ ನಿಲ್ಲಿಸಿ. ಇನ್ನೂ ಎಳೆದರೆ ಗುಳಿ ಹೋಗಿ ಉದ್ದದ ನೆರಿಗೆ ಆಗುತ್ತೆ, ಅದೇ ಮುಂದೆ ಸುಕ್ಕು. ಒಂದು ಹೊಲಿಗೆ 5–6 ಮಿಲಿಮೀಟರ್ ಇರಲಿ. ಅದಕ್ಕಿಂತ ಚಿಕ್ಕದಾದರೆ ಹಳೇ ಬಟ್ಟೆಯಲ್ಲಿ ಒತ್ತೊತ್ತಾಗಿ ತೂತು ಬಿದ್ದು, ಅಂಚೆಚೀಟಿಯ ಹಾಳೆ ಹರಿದ ಹಾಗೆ ಸಾಲಿನ ಮೇಲೇ ಹರಿಯುತ್ತೆ. ನಿಮ್ಮದು ಹರಿದ ರೀತಿ ನೋಡಿದರೆ ಇದು ಒಂದು ಕಾರಣ, ಇನ್ನೊಂದು ದಾರ.

ದಾರ: ಮಷಿನ್‌ನ ಪಾಲಿಯೆಸ್ಟರ್ ದಾರ ಬೇಡ. ಹಳೇ ಕಾಟನ್‌ಗಿಂತ ಅದು ಗಟ್ಟಿ. ಎಳೆತ ಬಿದ್ದಾಗ ದಾರ ಉಳಿದು ಬಟ್ಟೆ ಹರಿಯುತ್ತೆ. ಹರಿದರೆ ದಾರ ಹರಿಯಬೇಕು, ಬಟ್ಟೆ ಅಲ್ಲ. ದಾರವನ್ನು ಮತ್ತೆ ಹಾಕಬಹುದು. 20 ನಂಬರ್ ಕಾಟನ್ ದಾರ ಅಥವಾ ಕ್ರೋಶಾ ಹೆಣೆಯುವ ತೆಳು ಕಾಟನ್ ದಾರ ತಗೊಳ್ಳಿ, ಒಂದೆಳೆ ಸಾಕು. ಅರ್ಧ ಇಂಚಿಗೊಂದು ಸಾಲು ಹಾಕಿದರೆ ಈ ಅಳತೆಯ ಕೌದಿಯಲ್ಲಿ ಹೊಲಿಗೆಯ ಒಟ್ಟು ಉದ್ದ ಸುಮಾರು 215 ಮೀಟರ್. ಮೇಲೆ ಕೆಳಗೆ ಹೋಗಿ ಬರುವುದು, ಗಂಟು, ಉಳಿಕೆ ಸೇರಿಸಿ 260–270 ಮೀಟರ್ ದಾರ ಲೆಕ್ಕ ಹಿಡಿಯಿರಿ. ಮಧ್ಯದಲ್ಲಿ ದಾರ ಮುಗಿದು ಹೊಸದು ತಂದರೆ ಬಣ್ಣದ ಛಾಯೆ ಬೇರೆ ಆಗುವುದುಂಟು, ಒಟ್ಟಿಗೇ ತನ್ನಿ. ಚೌಕಿಪೇಟೆ ಕಡೆ ಹೋದಾಗ ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಕೇಳಿ ನೋಡಿ. ಒಂದು ಸಲಕ್ಕೆ ಒಂದೂವರೆ ಮೊಳಕ್ಕಿಂತ ಉದ್ದ ಪೋಣಿಸಬೇಡಿ, ಸಿಕ್ಕಾಗುತ್ತೆ, ಬಟ್ಟೆಗೆ ಉಜ್ಜಿ ಉಜ್ಜಿ ಸವೆಯುತ್ತೆ. ಜೇನುಮೇಣದ ಮೇಲೆ ಒಮ್ಮೆ ಎಳೆದರೆ ದಾರ ನಯವಾಗಿ ಓಡುತ್ತೆ, ಇಲ್ಲದಿದ್ದರೆ ಮೇಣದ ಬತ್ತಿಯೂ ಆಗುತ್ತೆ. ದಬ್ಬಣ ಬೇಡ, ಪಾಪ್ಲಿನ್‌ನಲ್ಲಿ ಅದು ಮಾಡಿದ ತೂತು ಮುಚ್ಚುವುದಿಲ್ಲ. ಉದ್ದನೆಯ, ತೆಳ್ಳಗಿನ, ದೊಡ್ಡ ಕಣ್ಣಿನ ಸೂಜಿ ಇರಲಿ. ನಡುಬೆರಳಿಗೆ ಅಂಗುಸ್ತಾನ (ಸೂಜಿ ಚುಚ್ಚದ ಹಾಗೆ ಬೆರಳಿಗೆ ತೊಡುವ ಟೋಪಿ) ಇಲ್ಲದೆ ಶುರು ಮಾಡಬೇಡಿ.

ಒಳಗೆ ಹತ್ತಿ ತುಂಬುವುದು ರಜಾಯಿಯ ಕೆಲಸ. ಕೌದಿ ಅಂದರೆ ಬಟ್ಟೆಯ ಪದರಗಳು ಮಾತ್ರ, ಅದಕ್ಕೇ ಅದು ಒಗೆಯಲು ಬರುತ್ತೆ. ಬಿಡಿ ಅರಳೆ ನೀರು ಕಂಡರೆ ಉಂಡೆ ಕಟ್ಟುತ್ತೆ, ಒಂದು ಕಡೆ ಗಂಟು, ಒಂದು ಕಡೆ ಖಾಲಿ.

ಹಾಸುಹೊಕ್ಕು

ಬಟ್ಟೆ ಆರಿಸೋ ವಿಷಯ ಬರೀತೀನಿ, ಬಣ್ಣ ಮತ್ತು ಸುಕ್ಕು ಎರಡಕ್ಕೂ ಮೂಲ ಅಲ್ಲೇ ಇದೆ.

ರುಬಿಯಾ ಅಂತ ಮಾರುವುದೆಲ್ಲ ಪೂರ್ತಿ ಕಾಟನ್ ಅಲ್ಲ, ಪಾಲಿಯೆಸ್ಟರ್ ಬೆರೆತದ್ದೂ ಬರುತ್ತೆ. ಕೈಯಲ್ಲಿ ಮುಟ್ಟಿ ಹೇಳೋದು ಕಷ್ಟ. ಪ್ರತಿ ಬಗೆಯಿಂದ ನಾಲ್ಕು ಎಳೆ ಬಿಚ್ಚಿ, ಚಿಮಟದಲ್ಲಿ ಹಿಡಿದು, ನೀರಿನ ತಟ್ಟೆಯ ಮೇಲೆ ಕಡ್ಡಿ ಗೀರಿ ಸುಡಿ. ಕಾಟನ್ ಆದರೆ ಕಾಗದ ಸುಟ್ಟ ವಾಸನೆ, ಬೂದಿ ಮೆತ್ತಗೆ, ಊದಿದರೆ ಹಾರುತ್ತೆ. ಪಾಲಿಯೆಸ್ಟರ್ ಉರಿಗೆ ಸುರುಟಿ ಕರಗಿ, ಆರಿದ ಮೇಲೆ ಗಟ್ಟಿ ಮಣಿ ಆಗುತ್ತೆ, ಉಗುರಿನಿಂದ ಒಡೆಯಲ್ಲ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತೆ, ಕರಿ ಬೂದಿ ಬೆರಳಲ್ಲಿ ಹಿಸುಕಿದರೆ ಪುಡಿ. ಬೆರಕೆ ಬಟ್ಟೆಯಲ್ಲಿ ಬೂದಿಯೂ ಇರುತ್ತೆ, ಒಳಗೆ ಚಿಕ್ಕ ಮಣಿಯೂ ಸಿಗುತ್ತೆ. ಪೂರ್ತಿ ಕಾಟನ್ ಒಂದು ಗುಡ್ಡೆ, ಬೆರಕೆ ಇನ್ನೊಂದು. ಕ್ರೇಪ್, ಸ್ಯಾಟಿನ್ ಕಾಲೊರಸಿಗೆ ಹಾಕಿ. ಅವು ಹೆಚ್ಚಾಗಿ ಪಾಲಿಯೆಸ್ಟರ್, ಬೆವರು ಹೀರಲ್ಲ, ಅಂಚು ಉದುರುತ್ತೆ, ಕಾಟನ್‌ಗೆ ಇಡುವ ಇಸ್ತ್ರಿ ಬಿಸಿಗೆ ಕರಗಿ ಅಂಟುತ್ತೆ.

ಹೊಸ ಕಾಟನ್ ಮೊದಲ ಒಗೆತದಲ್ಲಿ ನೂರಕ್ಕೆ ಮೂರರಿಂದ ಐದು ಪಾಲು ಕುಗ್ಗುವುದು ಸಾಮಾನ್ಯ. ಹಳೇ ಸೀರೆ ಆಗಲೇ ಕುಗ್ಗಿ ಮುಗಿದಿರುತ್ತೆ. 78 ಇಂಚಿನಲ್ಲಿ ನೂರಕ್ಕೆ ನಾಲ್ಕು ಅಂದರೆ 3 ಇಂಚು! ಮೇಲಿನದು ಅಷ್ಟು ಕುಗ್ಗಿ ಕೆಳಗಿನದು ಇದ್ದಲ್ಲೇ ಇದ್ದರೆ ಸುಕ್ಕು ಬರದೆ ಏನಾಗುತ್ತೆ? ಹಾಗಾಗಿ ಎಲ್ಲ ತುಂಡನ್ನೂ, ಕಡು ಬಣ್ಣದ್ದನ್ನು ಬೇರೆ ಇಟ್ಟು, ರಾತ್ರಿ ಇಡೀ ನೀರಲ್ಲಿ ನೆನೆಸಿ, ಮರುದಿನ ಬಿಸಿನೀರಲ್ಲಿ ಅದ್ದಿ, ಒಣಗಿಸಿ, ಇಸ್ತ್ರಿ ಮಾಡಿ, ಆಮೇಲೆ ಕತ್ತರಿ. ಸಣ್ಣ ಚೂರುಗಳನ್ನು ಪರದೆ ಬಟ್ಟೆಯ ಚೀಲದಲ್ಲಿ ಕಟ್ಟಿ ಮುಳುಗಿಸಿದರೆ ಎಳೆ ಬಿಚ್ಚಿ ಸಿಕ್ಕಾಗಲ್ಲ.

ಬಣ್ಣ ಪರೀಕ್ಷೆ ಇದೇ ಹೊತ್ತಿನಲ್ಲಿ. ಕೆಂಪು, ಮರೂನ್, ಕಡು ನೀಲಿ, ಕಪ್ಪು, ಕಡು ಹಸಿರು ಬೇರೆ ಬೇರೆ ಬೋಗುಣಿಯಲ್ಲಿ. ಉಗುರು ಬೆಚ್ಚಗಿನ ನೀರು, ಸ್ವಲ್ಪ ಸೋಪಿನ ಪುಡಿ, ಜೊತೆಗೆ ಒಂದು ಬಿಳಿ ಚೂರು. ಅರ್ಧ ಗಂಟೆ ಬಿಟ್ಟು ಬಿಳಿ ಚೂರು ನೋಡಿ. ಅದಕ್ಕೆ ಬಣ್ಣ ಹತ್ತಿದ್ದರೆ ನೀರು ಬದಲಿಸಿ ಮತ್ತೆ. ನಾಲ್ಕೈದು ಸಲ ಆದರೂ ನಿಲ್ಲದಿದ್ದರೆ ಆ ಬಟ್ಟೆಯನ್ನು ಎಷ್ಟೇ ಚೆಂದ ಇದ್ದರೂ ಬಿಡಿ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಬಣ್ಣ ಹಾಕುವಾಗ ಎಳೆಗೆ ಬಣ್ಣ ಏರಲು ಉಪ್ಪು ಸಹಾಯ ಮಾಡುತ್ತೆ ನಿಜ. ಆದರೆ ಎಳೆಗೆ ಹಿಡಿಯದೆ ಮೇಲೆ ಕೂತ ಬಣ್ಣವನ್ನು ಆಮೇಲೆ ಉಪ್ಪು ಹಾಕಿ ಕಟ್ಟಿಹಾಕಲು ಆಗಲ್ಲ. ಅದು ತೊಳೆದು ಹೋಗಲೇಬೇಕು.

ಇನ್ನೊಂದು ಮಾತು, ಎಳೆಯ ದಿಕ್ಕು. ಬ್ಲೌಸ್ ಚೂರಲ್ಲಿ ಕ್ರಾಸ್ ಕಟ್ ಮಾಡಿ ಉಳಿದದ್ದು ಬಹಳ. ಎರಡು ತುದಿ ಹಿಡಿದು ಎಳೆಯಿರಿ. ಹಾಸಿನ (ಉದ್ದದ ಎಳೆ) ಕಡೆ ಎಳೆದರೆ ಅಲುಗಾಡಲ್ಲ, ಹೊಕ್ಕಿನ (ಅಡ್ಡ ಎಳೆ) ಕಡೆ ಒಂಚೂರು ಬರುತ್ತೆ, ಓರೆಗೆ ಎಳೆದರೆ ರಬ್ಬರ್ ಹಾಗೆ ಹಿಗ್ಗುತ್ತೆ. ಓರೆ ಅಂಚನ್ನು ಹೊಲಿಯುವಾಗ ಕೈ ತಿಳಿಯದೆ ಹಿಗ್ಗಿಸಿಬಿಡುತ್ತೆ, ಅಲ್ಲಿ ಅಲೆ ಏಳುತ್ತೆ. ಅಂಥ ತುಂಡಿಗೆ ತೆಳು ಅಕ್ಕಿ ಗಂಜಿ ಹಾಕಿ ಇಸ್ತ್ರಿ ಮಾಡಿದರೆ ಕಾಗದದ ಹಾಗೆ ನಿಲ್ಲುತ್ತೆ, ಆಮೇಲೆ ಎಳೆಗೆ ನೇರವಾಗಿ ಕತ್ತರಿಸಿ. ಗಂಜಿ ಹಾಕಿದ್ದನ್ನು ತಿಂಗಳುಗಟ್ಟಲೆ ಇಡಬೇಡಿ, ಹುಳ ಮತ್ತು ಇಲಿ ಎರಡಕ್ಕೂ ಇಷ್ಟ.

ನಡುವಿಗೆ ಇಡುವ ಹಳೇ ಸೀರೆ, ಪಂಚೆಯನ್ನು ಬೆಳಕಿಗೆ ಹಿಡಿದು ನೋಡಿ. ಎಳೆ ತೆಳುವಾದ ಜಾಗ ಕಾಣಿಸುತ್ತೆ. ಅಲ್ಲಿ ಎರಡು ಹೆಬ್ಬೆರಳು ಜೋಡಿಸಿ ಒತ್ತಿದರೆ ಚರ್ ಅಂತ ಬಂದರೆ ಆ ಭಾಗ ಕತ್ತರಿಸಿ ಬಿಡಿ.

ಟೈಲರ್ ಹರಿಹರ

ಎಲ್ಲಾ ಕೈಯಾಗ ಹೊಲಿರಿ ಅಂದ್ರ ಆಗತೈತೇನ್ರಿ? 215 ಮೀಟರ್ ಹೊಲಿಗಿ, ಮೀಟರಿಗೆ ಹತ್ತು ನಿಮಿಷ ಹಿಡಿದ್ರೂ 36 ತಾಸು. ಅಂಗಡಿ ಇಟ್ಕೊಂಡೋರಿಗೆ ಅಷ್ಟು ಪುರಸೊತ್ತು ಎಲ್ಲಿಂದ ಬರಬೇಕು. ಮಷಿನ್‌ನಾಗೂ ಚೊಲೋ ಬರತೈತಿ, ಆದ್ರ ಕೌದಿಮನೆ ಅವರು ಹೇಳಿದ್ದು ಪಕ್ಕಾ ನೆನಪಿಡ್ರಿ: ಜೋಡಿಸಿದ ಹಾಳಿ ಆದ್ರ ನಡುವಿನಿಂದ ಹೊರಗ.

ಚೌಕ ಕತ್ತರಿಸೋಕ ಹೋಗಬ್ಯಾಡ್ರಿ. 6 ಇಂಚಿನ ಚೌಕ ಬೇಕಂದ್ರ 7 ಇಂಚು ಕತ್ತರಿಸಬೇಕು, 9 ಸಾಲು × 13, ಒಟ್ಟು 117 ಚೌಕ. ಬ್ಲೌಸ್ ಚೂರಿನಾಗ 7 ಇಂಚಿನ ಚೌಕ ಸಿಗೋದು ಕಷ್ಟ. ಅದರ ಬದ್ಲಿ ಅಗಲ ಒಂದ ಇಟ್ಕೊಳ್ರಿ, ಉದ್ದ ಎಷ್ಟಾರ ಇರಲಿ. ಐದೂವರೆ ಇಂಚು ಅಗಲದ ತುಂಡು ಎಲ್ಲಾ ತುದಿಗೆ ತುದಿ ಸೇರಿಸಿ 79 ಇಂಚಿನ ಪಟ್ಟಿ ಮಾಡ್ರಿ. ಅಂಥಾ 12 ಪಟ್ಟಿ ಪಕ್ಕ ಪಕ್ಕ ಜೋಡಿಸಿದ್ರ, ಎರಡೂ ಕಡಿ ಅರ್ಧರ್ಧ ಇಂಚು ಹೊಲಿಗಿಗೆ ಹೋಗಿ, ಸರಿಯಾಗಿ 54 ಇಂಚು. ಒಂದು ಪಟ್ಟಿ ಜೋಡು, ಪಕ್ಕದ ಪಟ್ಟಿ ಜೋಡು ಒಂದ ಸಾಲಿಗೆ ಬರಬಾರದು. ಬಂದ್ರ ಅಲ್ಲಿ ಬಹಳ ಪದರ ಕೂಡಿ ಗಂಟಾಗತೈತಿ, ಸೂಜಿ ಮುರೀತೈತಿ. ಹೊಲಿಗಿ ಅಂಚು ಬಿಡಿಸಿ ಎರಡೂ ಕಡಿ ಇಸ್ತ್ರಿ ಹೊಡೀರಿ.

ಪಟ್ಟಿ ಜೋಡಿಸೋವಾಗ ಒಂದನ್ನ ಮ್ಯಾಲಿಂದ ಕೆಳಗ ಹೊಲಿದ್ರ, ಮುಂದಿಂದು ಕೆಳಗಿಂದ ಮ್ಯಾಲ ಹೊಲೀರಿ. ಎಲ್ಲಾ ಒಂದ ದಿಕ್ಕಿಗೆ ಹೊಲಿದ್ರ ಹಾಳಿ ಬಿಲ್ಲಿನಂಗ ಬಾಗತೈತಿ. ಆದ್ರ ಪದರ ಎಲ್ಲಾ ಇಟ್ಟು ಮ್ಯಾಲ ಸಾಲು ಹೊಡಿಯೋವಾಗ ಉಲ್ಟಾ: ನಡುವಿನಿಂದ ಒಂದು ಕಡಿಯ ಸಾಲು ಎಲ್ಲಾ ಒಂದ ತುದಿಯಿಂದ ಶುರು ಮಾಡ್ರಿ. ಪ್ರೆಸರ್ ಫುಟ್ (ಬಟ್ಟಿ ಒತ್ತಿ ಹಿಡಿಯೋ ಪಾದ) ಮ್ಯಾಲಿನ ಬಟ್ಟಿ ಮುಂದಕ್ಕ ನೂಕತೈತಿ. ಒಂದು ಸಾಲು ಹೋಗಿ, ಪಕ್ಕದ ಸಾಲು ಬಂದ್ರ ಎರಡರ ನಡುವ ಓರೆ ಸುಕ್ಕು ಬೀಳತಾವ.

ಮಷಿನ್ ಸೂಜಿ 16 ನಂಬರ್, ಹೊಲಿಗಿ ಉದ್ದ 3ರಿಂದ 3.5 ಮಿಲಿಮೀಟರ್, ಫುಟ್ಟಿನ ಒತ್ತಡ ಎರಡು ಸುತ್ತು ಸಡ್ಲ. ವಾಕಿಂಗ್ ಫುಟ್ ಸಿಕ್ರ ಇನ್ನೂ ಚೊಲೋ, ಅದು ಮ್ಯಾಲಿನ ಬಟ್ಟಿನೂ ಮಷಿನ್ ಕೆಳಗಿನ ಹಲ್ಲಿನ ಜೊತಿ ಎಳೀತೈತಿ. ಸಾಲು ಎರಡು ಇಂಚಿಗೊಂದು ಸಾಕು. ಕೌದಿ ಎರಡೂ ಕಡಿಯಿಂದ ಚಾಪಿ ಸುತ್ತಿದಂಗ ಸುತ್ತಿ, ನಡುವಿನ ಸಾಲು ಮೊದಲು ಹೊಡೀರಿ, ಆಮ್ಯಾಲ ಬಲಕ್ಕ, ಆಮ್ಯಾಲ ತಿರುವಿ ಎಡಕ್ಕ. ಮಷಿನ್ ಎಡಕ್ಕ ಒಂದು ಟೇಬಲ್ ಇಟ್ಟು ಕೌದಿ ಭಾರ ಅದರ ಮ್ಯಾಲ ಹಾಕ್ರಿ. ಭಾರ ಕೆಳಗ ಜೋತು ಬಿದ್ರ ಸಾಲು ಡೊಂಕಾಗತೈತಿ.

ಅಂಚಿಗೆ ಎರಡೂವರೆ ಇಂಚು ಅಗಲದ ನೇರ ಪಟ್ಟಿ, ಒಟ್ಟು 7 ಮೀಟರ್ ಬೇಕು. 44 ಇಂಚು ಪನ್ನಾದ (ಅಗಲದ) ಬಟ್ಟಿ ಆದ್ರ 7 ಪಟ್ಟಿ, ಅಂದ್ರ ಅರ್ಧ ಮೀಟರ್ ಬಟ್ಟಿನಾಗ ಆಗತೈತಿ.

ಕೌದಿಮನೆ

ಹರಿಹರದ ಅಣ್ಣಾರ ಲೆಕ್ಕ ಸರಿ ಇದೆ, ಪಟ್ಟಿ ಉಪಾಯ ಬ್ಲೌಸ್ ಚೂರಿಗೆ ಹೇಳಿ ಮಾಡಿಸಿದ್ದು. ಒಂದು ವಿಷಯದಲ್ಲಿ ಮಾತ್ರ ಒಪ್ಪಲಾರೆ. ನಡುವಿನ ಪದರ ಹಳೇ ಪಂಚೆ ಆಗಿದ್ದರೆ ಎರಡು ಇಂಚಿನ ಅಂತರ ಹೆಚ್ಚಾಯಿತು. ಅಷ್ಟು ಅಗಲದಲ್ಲಿ ಹಳೇ ಬಟ್ಟೆ ಒಳಗೊಳಗೇ ಸರಿದು, ತೊಳೆದಾಗ ನೀರಿನ ಭಾರಕ್ಕೆ ಹರಿಯುತ್ತೆ. ಮೇಲೆ ಏನೂ ಕಾಣಲ್ಲ, ಮುಟ್ಟಿದರೆ ಒಳಗೆ ಮುದ್ದೆ ಸಿಗುತ್ತೆ. ಮಷಿನ್ ಆದರೂ ಒಂದು ಇಂಚಿಗೊಂದು ಸಾಲು ಹಾಕಿ. ಎರಡು ಇಂಚು ಹೊಸ ಬಟ್ಟೆಯ ಪದರಕ್ಕೆ ಸರಿ. ಕೈಹೊಲಿಗೆಯ ಇನ್ನೊಂದು ಗುಣ ಏನೆಂದರೆ ಹೊದ್ದಾಗ ಮೈಗೆ ಬೀಳುತ್ತೆ. ಮಷಿನ್ ಸಾಲು ಒತ್ತಾದಷ್ಟೂ ಕೌದಿ ಹಲಗೆಯ ಹಾಗೆ ಬಿರುಸಾಗುತ್ತೆ. ಪಟ್ಟಿ ಜೋಡಿಸುವುದು ಮಷಿನ್‌ನಲ್ಲಿ, ಪದರ ಹೊಲಿಯುವುದು ಕೈಯಲ್ಲಿ ಅಂತ ಹಂಚಿಕೊಂಡರೆ ಎರಡೂ ಉಳಿಯುತ್ತೆ.

ಬಟ್ಟೆಗಂಟು, ದಾವಣಗೆರೆ

ಎಲ್ಲರಿಗೂ ಧನ್ಯವಾದ. ಕಚ್ಚಾ ಹೊಲಿಗೆ ಹಾಕಿರಲಿಲ್ಲ, ದಾರವೂ ಪಾಲಿಯೆಸ್ಟರೇ. ಪಟ್ಟಿ ಪದ್ಧತಿಯಲ್ಲೇ ಮಾಡ್ತೀನಿ. ಇನ್ನು ಮೂರು ಪ್ರಶ್ನೆ. ರೇಷ್ಮೆ, ಜರಿ ಚೂರು ಏನು ಮಾಡಬಹುದು? ಚಳಿಗಾಲಕ್ಕೆ ನಡುವೆ ಹಳೇ ಕಂಬಳಿ ಇಡಬಹುದಾ? ಆಗಲೇ ಬಣ್ಣ ಹತ್ತಿದ, ಹರಿದ ಆ ಚಿಕ್ಕ ಕೌದಿ ಸರಿ ಮಾಡೋಕೆ ದಾರಿ ಇದೆಯಾ?

ದುರ್ಗದ ದಾರ, ಚಿತ್ರದುರ್ಗ

ಮೊಳಕಾಲ್ಮೂರು ಸೀರೆಯ ಬ್ಲೌಸ್ ತುಂಡು ಇಲ್ಲಿ ಟೈಲರ್‌ಗಳ ಹತ್ತಿರ ಉಳಿಯುತ್ತೆ, ಅದನ್ನು ಕಸಕ್ಕೆ ಹಾಕೋದು ನೋಡಿದರೆ ಹೊಟ್ಟೆ ಉರಿಯುತ್ತೆ. ಭೌಗೋಳಿಕ ಸೂಚ್ಯಂಕ ಪಡೆದ ಕೈಮಗ್ಗದ ರೇಷ್ಮೆ ಅದು. ಆದರೂ ದಿನ ಬಳಕೆಯ ಕೌದಿಗೆ ಬೇಡ. ಕಾಟನ್ ಒಗೆಯುವ ಸೋಡಾ ಇರುವ ಪುಡಿ ರೇಷ್ಮೆಯ ಹೊಳಪನ್ನೂ ಗಟ್ಟಿತನವನ್ನೂ ತಿನ್ನುತ್ತೆ. ಜರಿ ಮೈಗೆ ಚುಚ್ಚುತ್ತೆ, ಪಕ್ಕದ ಮೆದು ಬಟ್ಟೆಯನ್ನು ಉಜ್ಜಿ ಸವೆಸುತ್ತೆ. ಬೇರೆಯಾಗಿ ತೆಗೆದಿಟ್ಟು ದಿಂಬಿನ ಮೇಲ್ಚೀಲ, ದೇವರ ಪೀಠದ ಹಾಸು, ಗೋಡೆಗೆ ಹಾಕುವ ಚಿಕ್ಕ ಕೌದಿ ಮಾಡಿ. ಹಿಂದೆ ತೆಳು ಕಾಟನ್ ಅಸ್ತರ್ ಕೊಟ್ಟು, ಎರಡನ್ನೂ ಒಂದೇ ಅಂತ ಹಿಡಿದು ಕತ್ತರಿಸಿದರೆ ರೇಷ್ಮೆ ಜಾರಲ್ಲ, ಎಳೆ ಉದುರಲ್ಲ. ಇಸ್ತ್ರಿ ಹಿಂಬದಿಯಿಂದ, ಕಡಿಮೆ ಬಿಸಿಯಲ್ಲಿ.

ಕಂಬಳಿ ಇಡಬೇಡಿ. ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕಂಬಳಿ ಹಾಗೇ ಹೊದೆಯಲು ಅದಕ್ಕೆ ಸಾಟಿ ಇಲ್ಲ, ಕೌದಿಯ ಹೊಟ್ಟೆಯೊಳಗೆ ಮಾತ್ರ ಹೊಂದಲ್ಲ. ಬಿಸಿನೀರು, ಉಜ್ಜುವಿಕೆ ತಾಗಿದರೆ ಉಣ್ಣೆ ಮುದುಡಿ ಗಟ್ಟಿಯಾಗುತ್ತೆ, ಕಾಟನ್ ಹಾಗೇ ಇರುತ್ತೆ, ಇಡೀ ಕೌದಿ ಸುಕ್ಕು. ಒರಟು ಕೂದಲು ತೆಳು ಸೀರೆ ದಾಟಿ ಹೊರಗೆ ಬಂದು ಚುಚ್ಚುತ್ತೆ. ಚಳಿಗೆ ಐದನೇ ಪದರವಾಗಿ ಹಳೇ ಫ್ಲಾನೆಲ್ ಅಥವಾ ಕಾಟನ್ ಚಾದರ ಇಡಿ. ಆಗ ಕೈಹೊಲಿಗೆ 7–8 ಮಿಲಿಮೀಟರ್ ಆದರೂ ಪರವಾಗಿಲ್ಲ. ಮಗುವಿಗೆ ಹೊಲಿಯುವುದಾದರೆ 30 × 36 ಇಂಚು, ಮೆದು ಪಂಚೆಯ ಎರಡು ಪದರ ಸಾಕು. ಗುಂಡಿ, ಕುಚ್ಚು, ಜರಿ ಬೇಡ. ಉದ್ದ ದಾರ ಜೋತು ಬಿಡಬೇಡಿ, ಬೆರಳಿಗೆ ಸುತ್ತಿಕೊಳ್ಳುತ್ತೆ. ಮಗುವಿನ ಕೆಳಗೆ ಹಾಸಿ, ಮುಖದ ಹತ್ತಿರ ಬೇಡ.

ಒಗೆಯುವ ಮಾತು ಯಾರೂ ಎತ್ತಲಿಲ್ಲ. ದುರ್ಗದ ಸುತ್ತಮುತ್ತ ಬೋರ್ ನೀರು ಗಡಸು. ಅದರಲ್ಲಿ ಸೋಪಿನ ಬಾರ್ ಉಜ್ಜಿದರೆ ನೊರೆ ಬರುವ ಬದಲು ಬೂದು ಜಿಡ್ಡು ಬಟ್ಟೆಗೆ ಹತ್ತುತ್ತೆ. ಒಂದು ಪದರದ ಬಟ್ಟೆಯಿಂದ ಅದು ಜಾಲಿಸಿದರೆ ಹೋಗುತ್ತೆ, ನಾಲ್ಕು ಪದರದ ಕೌದಿಯಲ್ಲಿ ಒಳಗೇ ಉಳಿದು ಒಣಗಿದ ಮೇಲೆ ರಟ್ಟಿನ ಹಾಗೆ ಆಗುತ್ತೆ. ದ್ರವದ ಡಿಟರ್ಜೆಂಟ್ ಹಾಕಿ, ಪುಡಿ ಹಾಕುವುದಾದರೆ ಪೂರ್ತಿ ಕರಗಿಸಿ ಹಾಕಿ. ಕೊನೆಯ ಎರಡು ಜಾಲಿಕೆಗೆ ನಲ್ಲಿ ನೀರೋ ಮಳೆ ನೀರೋ ಎತ್ತಿಡಿ. ದಸರಾಕ್ಕೆ ಮನೆಯ ಹಾಸಿಗೆ ಹೊದಿಕೆ ಎಲ್ಲ ಒಗೆಯುವಾಗ ಹೊಸ ಕೌದಿಯನ್ನು ಬೇರೆ ಬಟ್ಟೆಯ ಜೊತೆ ಸೇರಿಸಬೇಡಿ, ಮೊದಲ ಮೂರು ಒಗೆತ ತಣ್ಣೀರಲ್ಲಿ ಒಂಟಿಯಾಗಿಯೇ ಆಗಲಿ. ಕಲ್ಲಿಗೆ ಬಡಿಯುವುದು, ಹಗ್ಗದ ಹಾಗೆ ಹಿಂಡುವುದು ಎರಡೂ ಬೇಡ, ದಾರ ತುಂಡಾಗುತ್ತೆ. ತುಳಿದು ನೀರು ಇಳಿಸಿ. ನೆಂದ ಕೌದಿ ಒಣ ತೂಕದ ಎರಡು ಮೂರು ಪಟ್ಟು ಭಾರ, ಒಂದೇ ಹಗ್ಗಕ್ಕೆ ನೇತು ಹಾಕಿದರೆ ಮಡಿಕೆಯ ಜಾಗದಲ್ಲಿ ಇಡೀ ಭಾರ ಬೀಳುತ್ತೆ. ಎರಡು ಮೂರು ಹಗ್ಗದ ಮೇಲೆ ಚಪ್ಪರದ ಹಾಗೆ ಹರಡಿ, ಇಲ್ಲವೇ ತಾರಸಿಯಲ್ಲಿ ಹಾಸಿ. ಮಧ್ಯಾಹ್ನ ಒಮ್ಮೆ ಮಗುಚಿ. ಮೇಲೆ ಒಣಗಿ ಒಳಪದರ ತೇವ ಇದ್ದಾಗ ಮಡಚಿಟ್ಟರೆ ಬೂಷ್ಟು ಬಂದು ಕಪ್ಪು ಚುಕ್ಕೆ ಬೀಳುತ್ತೆ, ಆ ಚುಕ್ಕೆ ಹೋಗಲ್ಲ.

ಹಾಸುಹೊಕ್ಕು

ಚಿಕ್ಕ ಕೌದಿಗೆ: ಬಣ್ಣ ಹತ್ತಿದ ಮೇಲೆ ಇಸ್ತ್ರಿ ಮಾಡಿಲ್ಲ ತಾನೆ? ಮಾಡಿಲ್ಲವಾದರೆ ಇನ್ನೂ ಆಸೆ ಇದೆ. ದೊಡ್ಡ ಟಬ್ಬಿನ ತುಂಬ ಬೆಚ್ಚಗಿನ ನೀರು, ಡಿಟರ್ಜೆಂಟ್ ಹಾಕಿ ಕೌದಿ ಪೂರ್ತಿ ಮುಳುಗುವಂತೆ ಆರೇಳು ಗಂಟೆ ಬಿಡಿ. ನೀರು ಹೆಚ್ಚಿದ್ದಷ್ಟೂ ಒಳ್ಳೆಯದು. ಕಡಿಮೆ ನೀರಲ್ಲಿ ಬಿಟ್ಟ ಬಣ್ಣ ಮತ್ತೆ ಪಕ್ಕದ ಬಿಳಿಗೇ ಹೋಗಿ ಕೂರುತ್ತೆ. ನೀರಿಗೆ ಬಣ್ಣ ಬರುವುದು ನಿಲ್ಲುವ ತನಕ ಬದಲಿಸುತ್ತಿರಿ. ಬ್ಲೀಚಿಂಗ್ ಪುಡಿ ಹಾಕಬೇಡಿ, ಉಳಿದ ಬಣ್ಣವೂ ಹೋಗುತ್ತೆ, ಹಳೇ ಎಳೆ ಸಡಿಲಾಗುತ್ತೆ. ಆಮೇಲೂ ಬಿಳಿ ತುಂಡು ಗುಲಾಬಿಯಾಗಿಯೇ ಉಳಿದರೆ ಅದರ ಮೇಲೆ ಇನ್ನೊಂದು ತುಂಡು ಇಡಿ.

ಹರಿದ ಕಡೆಯೂ ತೇಪೆಯೇ. ತುದಿಗೆ ತುದಿ ಎಳೆದು ಹೊಲಿಯಬೇಡಿ, ಅಕ್ಕಪಕ್ಕ ಸುಕ್ಕಾಗಿ ಮತ್ತೆ ಹರಿಯುತ್ತೆ. ಹರಿದ ಜಾಗದ ನಾಲ್ಕೂ ಕಡೆ ಗಟ್ಟಿ ಬಟ್ಟೆ ಸಿಗುವ ತನಕ ಬೆರಳಿಂದ ಒತ್ತಿ ನೋಡಿ, ಅಲ್ಲಿಂದ ಇನ್ನೂ ಒಂದು ಇಂಚು ದೊಡ್ಡದಾಗಿ ತೊಳೆದ ಕಾಟನ್ ತುಂಡು ಕತ್ತರಿಸಿ, ಅಂಚು ಮಡಚಿ, ಎಲ್ಲ ಪದರ ಹಿಡಿಯುವಂತೆ ಹಳೇ ಸಾಲುಗಳ ನಡುವೆ ಹೊಸ ಸಾಲು ಹಾಕಿ. ಹಳೇ ತೂತಿನ ಸಾಲಿನ ಮೇಲೇ ಮತ್ತೆ ಸೂಜಿ ಇಳಿಸಬೇಡಿ.